‘ಮನೆ’ ಎಂದು ಬರೆಯದ ಲಕೋಟೆ

ಜೂನ್ 3

ಅಮ್ಮಾವ್ರಿಗೆ ನಮಸ್ಕಾರ.

ಮನೆ ಕ್ಷೇಮ. ನೀವು ಮಂತ್ರಿಯಾಗಿ ರಾಜಧಾನಿಗೆ ಹೋಗಿ ಮೊನ್ನೆಗೆ ಎರಡು ವರ್ಷ ತುಂಬಿತು. ನಿಮಗೆ ನೆನಪಿರಲಿಕ್ಕಿಲ್ಲ, ಅದಕ್ಕೇ ನಾನು ನೆನಪಿಟ್ಟುಕೊಂಡಿದ್ದೇನೆ.

ನಿಮ್ಮ ಓದುವ ಕೋಣೆಯ ಕಪಾಟಿಗೆ ಗೆದ್ದಲು ಹತ್ತಿತ್ತು. ವಕೀಲಿಕೆಯ ಕಾಲದ ಪುಸ್ತಕಗಳಲ್ಲಿ ಕೆಳಗಿನ ಎರಡು ಸಾಲು ಪೂರ್ತಿ ಹೋದವು. ಉಳಿದವನ್ನು ಬಿಸಿಲಿಗೆ ಹಾಕಿ, ಕಪಾಟಿಗೆ ಸೀಮೆಎಣ್ಣೆ ಬಳಿದಿದ್ದೇನೆ. ಅಷ್ಟೂ ಕಾನೂನು ತಿಂದು ಅರಗಿಸಿಕೊಂಡ ಗೆದ್ದಲು ಇನ್ನು ಯಾರ ಮೇಲೆ ಕೇಸು ಹಾಕುತ್ತದೋ ನೋಡಬೇಕು. ಹಿತ್ತಿಲ ಬಾಗಿಲಿನ ಚಿಲಕ ಬದಲಾಯಿಸಿದೆ. ನಿಮ್ಮ ಮಲಗುವ ಕೋಣೆಯನ್ನು ವಾರಕ್ಕೆ ಎರಡು ಸಲ ತೆಗೆದು ಗಾಳಿಯಾಡಿಸುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಗೇಟಿನ ಬೀದಿಯ ಪಕ್ಕ ನಿಮ್ಮ ಇಲಾಖೆ ಕಟ್ಟುತ್ತಿರುವ ಮೇಲ್ಸೇತುವೆ ಮುಗಿಯುತ್ತಾ ಬಂತು. ಕೆಲಸಕ್ಕೆ ಅಡ್ಡಿ ಎಂದು ಈ ತಿಂಗಳ ಕೊನೆಗೆ ರೈಲ್ವೆ ಗೇಟು ಮುಚ್ಚಿ ಗೋಡೆ ಕಟ್ಟುತ್ತಾರಂತೆ, ಮತ್ತೆ ತೆಗೆಯುವುದೇ ಇಲ್ಲವಂತೆ. ಕಾರು, ಬಸ್ಸು ಸೇತುವೆಯ ಮೇಲಿಂದ ಹೋಗುತ್ತವೆ, ಸರಿ. ಕಾಲಲ್ಲಿ ನಡೆಯುವವರು ಎಲ್ಲಿಂದ ಹೋಗಬೇಕು? ಬೀದಿಯಿಂದ ಸೇತುವೆಗೆ ಹತ್ತಲು ಒಂದು ಮೆಟ್ಟಿಲೂ ಇಲ್ಲ. ಸೇತುವೆ ನೆಲ ಮುಟ್ಟುವ ಜಾಗಕ್ಕೆ ಸುತ್ತಿ ಹೋಗಿ ಆ ಕಡೆ ಇಳಿಯಲು ಒಂದು ಗಂಟೆ ಬೇಕು. ಆಸ್ಪತ್ರೆ, ಶಾಲೆ, ಮಾರುಕಟ್ಟೆ, ನಿಮ್ಮ ಮನೆ ಎಲ್ಲ ಹಳಿಯ ಆ ಕಡೆ. ನಮ್ಮ ನಾನೂರು ಮನೆ ಈ ಕಡೆ. ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಬೆಳಿಗ್ಗೆ ಆರಕ್ಕೆ ಹಾಜರಿರಬೇಕು. ಅವಳಿಗೀಗ ಐದು ತಿಂಗಳು. ಗೇಟು ಮುಚ್ಚಿದರೆ ಎಲ್ಲರೂ ಗೋಡೆ ಹಾರಿ ಹಳಿ ದಾಟುವವರೇ.

ಎರಡೂ ಕಡೆ ಮೆಟ್ಟಿಲು ಹಾಕಿದರೆ ಮುಗಿಯಿತು. ನೀವು ಒಂದು ಮಾತು ಹೇಳಿದರೆ ಆಗುವ ಕೆಲಸ.

ನಿಮ್ಮ
ಗುಬ್ಬಚ್ಚಿ


ಜೂನ್ 14

ಗುಬ್ಬಚ್ಚೀ,

ನಿನ್ನ ಪತ್ರವನ್ನು ಸಭೆಯ ಮಧ್ಯೆ, ಮೇಜಿನ ಕೆಳಗಿಟ್ಟುಕೊಂಡು ಓದಿದೆ. ಗೆದ್ದಲಿನ ಮಾತಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಾನೂನು ಮಂತ್ರಿಗಳಿಗೂ ಹೇಳಿದೆ. ಪಾಪ, ಅವರಿಗೆ ನಗು ಬರಲಿಲ್ಲ.

ಇಲ್ಲಿನ ಅಡುಗೆಯವನಿಗೆ ಉಪ್ಪಿನ ಮೇಲೆ ಏನೋ ಹಳೆಯ ಹಗೆ. ಒಂದು ದಿನ ಹಾಕುವುದೇ ಇಲ್ಲ, ಮರುದಿನ ಎರಡೂ ದಿನದ್ದು ಸೇರಿಸಿ ಹಾಕುತ್ತಾನೆ. ಬೈಯಲು ಪುರುಸೊತ್ತಿಲ್ಲ. ನೀನಿದ್ದಿದ್ದರೆ ನಾನು ಬೈಯುವುದಕ್ಕೆ ಮೊದಲು ನೀನೇ ನನ್ನನ್ನು ಬೈದು ಕೂರಿಸುತ್ತಿದ್ದೆ. ನೀಲಿ ಶಾಲು ಕಪಾಟಿನ ಬಲಗಡೆ ಇದೆ, ಯಾರಾದರೂ ಬರುವವರ ಕೈಲಿ ಕಳಿಸು.

ಮಗಳ ಸುದ್ದಿ ಕೇಳಿ ಸಂತೋಷವಾಯಿತು. ಲಂಗ ಎತ್ತಿಕೊಂಡು ನನ್ನ ಕಕ್ಷಿದಾರರ ಮಧ್ಯೆ ಓಡಾಡುತ್ತಿದ್ದ ಹುಡುಗಿ ಈಗ ತಾಯಾಗುತ್ತಾಳೆ! ಚೆನ್ನಾಗಿ ನೋಡಿಕೋ.

ಸೆಪ್ಟೆಂಬರ್ ಇಪ್ಪತ್ತೈದಕ್ಕೆ ಸೇತುವೆಯ ಉದ್ಘಾಟನೆ. ಮುಖ್ಯಮಂತ್ರಿಗಳು ಬರುತ್ತಾರೆ, ಮಧ್ಯಾಹ್ನದ ಊಟ ನಮ್ಮಲ್ಲೇ. ಮನೆಗೆ ಸುಣ್ಣ ಬಣ್ಣ ಆಗಲಿ.

ಮೆಟ್ಟಿಲಿನ ವಿಷಯ. ಇದರಲ್ಲಿ ರೈಲ್ವೆಯವರಿದ್ದಾರೆ, ಎಂಜಿನಿಯರುಗಳಿದ್ದಾರೆ, ನಾನೊಬ್ಬಳೇ ಅಲ್ಲ. ನೋಡೋಣ.

ನಿನ್ನ
ಅಮ್ಮಾವ್ರು


ಜೂನ್ 21

ಸನ್ಮಾನ್ಯ ಲೋಕೋಪಯೋಗಿ ಸಚಿವರಿಗೆ,

ಗೇಟಿನ ಬೀದಿಯ ನಿವಾಸಿಯಾದ ನಾನು ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಬೀದಿಯಿಂದ ಮೇಲ್ಸೇತುವೆಗೆ ಮೆಟ್ಟಿಲು ಕಟ್ಟಿಸಿಕೊಡಬೇಕು.

ಇಷ್ಟು ಬರೆದು ಒಂದು ಗಂಟೆ ಕೂತೆ. ಅರ್ಜಿಯ ಭಾಷೆಯಲ್ಲಿ ಮುಂದಕ್ಕೆ ಕೈ ಓಡುತ್ತಿಲ್ಲ. ನನಗೆ ಬರುವ ಹಾಗೆ ಬರೆಯುತ್ತೇನೆ, ಹೊಟ್ಟೆಗೆ ಹಾಕಿಕೊಳ್ಳಿ.

ಲಕೋಟೆಯ ಮೂಲೆಯಲ್ಲಿ ‘ಮನೆ’ ಎಂದು ಬರೆದಿಲ್ಲ, ಮರೆತದ್ದಲ್ಲ. ‘ಮನೆ’ ಎಂದಿದ್ದರೆ ಯಾರೂ ಒಡೆಯದೆ ನೇರ ನನ್ನ ಮೇಜಿಗೆ ತಂದಿಡುತ್ತಾರೆ ಎಂದು ಹೋಗುವಾಗ ಹೇಳಿದ್ದಿರಿ. ಗೆದ್ದಲು, ಚಿಲಕ, ಶಾಲು ಮನೆಯ ವಿಷಯ. ಇದು ಮನೆಯ ವಿಷಯವಲ್ಲ. ನಿಮ್ಮ ಮನೆಯ ಅನ್ನ ತಿಂದವಳು ಎಂದು ಹಿಂಬಾಗಿಲಿಂದ ನುಗ್ಗುವುದು ಸರಿಯಲ್ಲ. ಉಳಿದವರ ಪತ್ರಗಳ ಜೊತೆ ಸಾಲಲ್ಲಿ ನಿಂತೇ ಬರಲಿ.

ನೀವು ನನಗೆ ‘ನೋಡೋಣ’ ಎಂದು ಬರೆದಿರಿ. ಅಮ್ಮಾವ್ರೆ, ಯಾರಿಗೆ ಬೇಕಾದರೂ ಆ ಮಾತು ಹೇಳಿ, ನನಗೆ ಹೇಳಬಾರದಿತ್ತು. ಅದರ ಅರ್ಥ ಈ ಭೂಮಿಯ ಮೇಲೆ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅಡುಗೆಯ ಜೊತೆಗೆ ಇಪ್ಪತ್ತು ವರ್ಷ ನಿಮ್ಮ ಮುಂಬಾಗಿಲನ್ನೂ ಕಾದವಳು ನಾನು. ಬಂದವರ ಹೆಸರು, ಬಂದ ಕಾರಣ ಪುಸ್ತಕದಲ್ಲಿ ಬರೆದುಕೊಳ್ಳುವವಳು ನಾನು. ನೀವು ಒಳಗಿಂದ, “ಗುಬ್ಬಚ್ಚೀ, ಇವ್ರಿಗೆ ಟೀ ಕೊಡು” ಅಂದರೆ ಆಗುವ ಕೆಲಸ. “ಇವ್ರಿಗೊಂದು ಲೋಟ ನೀರು ಕೊಡು” ಅಂದರೆ ಆಗದ ಕೆಲಸ. ನೀರು ಕೊಟ್ಟ ಐದು ನಿಮಿಷಕ್ಕೆ ನಾನು ಬಂದು, “ಅಮ್ಮಾವ್ರೆ, ಫೋನು” ಅನ್ನಬೇಕು. ನೀವು ಎದ್ದು ಕೈಮುಗಿದು, “ನೋಡೋಣ” ಅನ್ನುತ್ತೀರಿ. ಫೋನು ಯಾವತ್ತೂ ಬಂದಿರುತ್ತಿರಲಿಲ್ಲ. ಮೂಗಿಗೆ ತುಪ್ಪ ಸವರಿಸಿಕೊಂಡು ಅವರು ಸಂತೋಷವಾಗಿಯೇ ಹೋಗುತ್ತಿದ್ದರು. ಮೆಟ್ಟಿಲಿಳಿಯುವಾಗ, “ನೋಡ್ತಾರಂತಾ?” ಎಂದು ನನ್ನನ್ನು ಕೇಳುತ್ತಿದ್ದರು. “ನೋಡ್ತಾರೆ, ನೋಡ್ತಾರೆ” ಎನ್ನುತ್ತಿದ್ದೆ.

ಮೊನ್ನೆ ನಿಮ್ಮ ಪತ್ರ ಬಂದ ಮೇಲೆ ಹಳೆಯ ಪುಸ್ತಕಗಳನ್ನು ತೆಗೆದು ಕೂತೆ. ಹನ್ನೆರಡು ವರ್ಷದ ಹಿಂದಿನ ಪುಸ್ತಕದಲ್ಲಿ, ನನ್ನದೇ ಕೈಬರಹದಲ್ಲಿ ಹೀಗಿದೆ: “ಗೇಟಿನ ಬೀದಿಯವರು, ಒಂಬತ್ತು ಜನ. ಹಳಿ ದಾಟಲು ಕಾಲುಸೇತುವೆ ಬೇಕಂತೆ. ನೀರು.” ನನ್ನ ಬೀದಿಯವರು. ಅದರಲ್ಲಿ ಒಬ್ಬಾಕೆ ನನ್ನ ಓರಗಿತ್ತಿ. ಅವರ ಕೈಗೆ ಲೋಟ ಕೊಟ್ಟವಳು ನಾನೇ, ಐದು ನಿಮಿಷಕ್ಕೆ ಫೋನು ಎಂದವಳೂ ನಾನೇ. ಮರುದಿನ ನಲ್ಲಿಯ ಹತ್ತಿರ ಅವಳು, “ನಮ್ಮ ಗುಬ್ಬಚ್ಚಿ ಅಲ್ಲಿರೋದ್ರಿಂದ ಕೆಲ್ಸ ಆಗತ್ತೆ ಬಿಡು” ಎಂದು ಎಲ್ಲರಿಗೂ ಹೇಳುತ್ತಿದ್ದಳು. ನನಗೆ ಎಷ್ಟು ನಾಚಿಕೆಯಾಗಿದೆ ಎಂದು ಬರೆಯಲು ಬರುವುದಿಲ್ಲ. ನಿಮ್ಮ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚು.

ಆದ್ದರಿಂದ ಈ ಸಲ ನೀರು ಬೇಡ. ಆಗುತ್ತದೆ ಅಥವಾ ಆಗುವುದಿಲ್ಲ, ಎರಡರಲ್ಲಿ ಒಂದನ್ನು ಬರೆಯಿರಿ. ಆಗುವುದಿಲ್ಲ ಎಂದರೆ ಯಾಕೆ ಎಂದೂ ಬರೆಯಿರಿ.

ಇಂತಿ,
ಗೇಟಿನ ಬೀದಿಯ ನಿವಾಸಿ, ಅಡುಗೆ ಕೆಲಸ


ಜುಲೈ 7

ಕ್ರಮಸಂಖ್ಯೆ: 4417
ವಿಷಯ: ಮೆಟ್ಟಿಲು, ನೀರು ಹಾಗೂ ಟೀ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಜೂನ್ 21ರ ಮನವಿಯು ಈ ಕಚೇರಿಯಲ್ಲಿ ಸ್ವೀಕೃತವಾಗಿದ್ದು, ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂದು ತಮಗೆ ತಿಳಿಸಲು ನಿರ್ದೇಶಿತನಾಗಿದ್ದೇನೆ.

ತಮ್ಮ ವಿಶ್ವಾಸಿ,
ಸಚಿವರ ಆಪ್ತ ಕಾರ್ಯದರ್ಶಿ


ಜುಲೈ 10

ಗುಬ್ಬಚ್ಚಿ,

ಎಂಥ ಕೆಲಸ ಮಾಡಿಟ್ಟೆ ಮಾರಾಯ್ತಿ!

ನಿನ್ನ ಪತ್ರ ಟಪಾಲು ವಿಭಾಗದಲ್ಲಿ ಒಡೆದು, ಮುದ್ರೆ ಬಿದ್ದು, ನಂಬರಾಗಿ, ನಾಲ್ಕು ಮೇಜು ದಾಟಿ ನನ್ನ ಹತ್ತಿರ ಬರುವ ಹೊತ್ತಿಗೆ ಇಡೀ ಕಟ್ಟಡಕ್ಕೆ ಬಾಯಿಪಾಠವಾಗಿತ್ತು. ಯಾವನೋ ಪ್ರತಿ ಮಾಡಿ ಪತ್ರಿಕೆಗೂ ಕೊಟ್ಟ. ಮೊದಲ ಪುಟದಲ್ಲಿ ಬಂದಿದೆ: “ಸಚಿವೆಯ ಮನೆಯಲ್ಲಿ ನೀವು ನೀರಿನವರೋ, ಟೀಯವರೋ?” ನಿನ್ನೆ ಸದನದಲ್ಲಿ ನಾನು ಉತ್ತರ ಕೊಡಲು ಎದ್ದರೆ ವಿರೋಧ ಪಕ್ಷದವರು ಅಷ್ಟೂ ಜನ ನೀರಿನ ಲೋಟ ಎತ್ತಿ ಹಿಡಿದರು. ನಮ್ಮ ಪಕ್ಷದವರೇ ಕರವಸ್ತ್ರ ಅಡ್ಡ ಹಿಡಿದು ನಗುತ್ತಿದ್ದರು. ಮೂವತ್ತು ವರ್ಷ ಹೆಂಗಸೊಬ್ಬಳು ಕೋರ್ಟಿನಲ್ಲಿ, ರಾಜಕೀಯದಲ್ಲಿ ಹೇಗೆ ತಲೆಯೆತ್ತಿ ನಿಂತಳು ಎಂದು ನಿನಗೆ ಗೊತ್ತು. ಎಲ್ಲ ನೋಡಿದವಳು ನೀನು. ನಿನ್ನ ಕೈಯಿಂದಲೇ ಆಗಬೇಕಿತ್ತೇ ಇದು?

ಉಂಡ ಮನೆಗೆ ಎರಡು ಬಗೆದೆಯಲ್ಲ. ಕೇಳುವುದಿದ್ದರೆ ನನ್ನನ್ನು ಕೇಳಬಹುದಿತ್ತು.

ಆಪ್ತ ಕಾರ್ಯದರ್ಶಿ ಒಂದು ದಾರಿ ಹೇಳುತ್ತಾನೆ. ಆ ಪತ್ರ ನಿನ್ನದಲ್ಲ, ನಿನ್ನ ಬೀದಿಯ ಯಾರೋ ಎದುರು ಪಕ್ಷದವರು ಬರೆಸಿ ಸಹಿ ಹಾಕಿಸಿಕೊಂಡರು ಎಂದು ಎರಡು ಸಾಲು ಬರೆದು ಕಳಿಸು. ಎರಡೇ ಸಾಲು. ಒಂದು ವಾರದಲ್ಲಿ ಎಲ್ಲ ತಣ್ಣಗಾಗುತ್ತದೆ. ಈ ಸಲ ಲಕೋಟೆಯ ಮೇಲೆ ‘ಮನೆ’ ಎಂದು ಬರೆ, ದಯವಿಟ್ಟು.

ಅಮ್ಮಾವ್ರು


ಜುಲೈ 16

ಅಮ್ಮಾವ್ರಿಗೆ,

ಬರೆದವಳು ನಾನೇ. ಬೇರೆಯವರು ಬರೆಸಿದರು ಎಂದು ಬರೆದುಕೊಡುವುದಿಲ್ಲ.

ಅದು ಪತ್ರಿಕೆಗೆ ಹೋಗುತ್ತದೆ ಎಂದು ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ. ಒಬ್ಬ ಗುಮಾಸ್ತ ಒಡೆಯುತ್ತಾನೆ, ಸಾಲಿನಲ್ಲಿ ಇಡುತ್ತಾನೆ, ನೀವು ಓದುತ್ತೀರಿ ಎಂದುಕೊಂಡಿದ್ದೆ. ನಿಮ್ಮನ್ನು ನೋಡಿ ಜನ ನಕ್ಕರಲ್ಲ, ಅದಕ್ಕೆ ನನ್ನ ಕರುಳು ಚುರುಕ್ ಎಂದಿದೆ. ಆದರೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ನೀವೂ ಸುಳ್ಳು ಎಂದು ಬರೆದಿಲ್ಲ. ಈಗ ಬೀದಿಯ ಯಾರದೋ ತಲೆಗೆ ಅದನ್ನು ಕಟ್ಟಿದರೆ ನಾಳೆ ಅವನ ಬಾಗಿಲಿಗೆ ಪೊಲೀಸರು ಹೋಗುತ್ತಾರೆ. ಹನ್ನೆರಡು ವರ್ಷದ ಹಿಂದೆ ಒಂದು ಸಲ ಅವರಿಗೆ ಮೋಸ ಮಾಡಿ ಆಗಿದೆ.

ಉಂಡ ಮನೆಗೆ ಎರಡು ಬಗೆದೆ ಎಂದಿರಿ. ಆ ಮನೆಯಲ್ಲಿ ನಾನು ಉಂಡದ್ದು ನಾನೇ ಮಾಡಿದ ಅಡುಗೆ. ನೀವು ಉಂಡದ್ದೂ ಅದನ್ನೇ.

ಬೀಗದ ಕೈಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ದೊಡ್ಡದು ಮುಂಬಾಗಿಲು. ದಾರ ಕಟ್ಟಿದ್ದು ಓದುವ ಕೋಣೆ, ಎಡಕ್ಕೆ ಒಂದೂವರೆ ಸುತ್ತು ತಿರುಗಿಸಬೇಕು. ಹಿತ್ತಿಲದ್ದು ಹೊಸ ಚಿಲಕ, ಒದ್ದರೆ ಮಾತ್ರ ಕೂರುತ್ತದೆ. ಬಟ್ಟೆಗಳ ಮಧ್ಯೆ ಬೇವಿನ ಎಲೆ ಇಟ್ಟಿದ್ದೇನೆ, ತಿಂಗಳಿಗೊಮ್ಮೆ ಬದಲಾಯಿಸಲು ಹೊಸಬರಿಗೆ ಹೇಳಿ. ನೀಲಿ ಶಾಲೂ ಅದೇ ಪೊಟ್ಟಣದಲ್ಲಿದೆ.

ಮೂವತ್ತೊಂದು ವರ್ಷದ ಮನೆ. ಬೀಗ ಹಾಕುವಾಗ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ. ಅತ್ತ ಮಾತ್ರಕ್ಕೆ ಮನಸ್ಸು ಬದಲಾಯಿಸುವುದಿಲ್ಲ. ಈ ವಾರ ಆಸ್ಪತ್ರೆಗೂ ಮನೆಗೂ ಓಡಾಟ ಜಾಸ್ತಿ, ಹೆಚ್ಚು ಬರೆಯಲು ಹೊತ್ತಿಲ್ಲ.

ಇಂತಿ,
ಗೇಟಿನ ಬೀದಿಯ ನಿವಾಸಿ


ಆಗಸ್ಟ್ 22

ಗುಬ್ಬಚ್ಚಿ,

ಒಂದು ತಿಂಗಳು ನಿನ್ನ ಮೇಲೆ ಕೋಪ ಸಾಧಿಸಿಕೊಂಡೇ ಇದ್ದೆ. ಬೀಗದ ಕೈಗಳ ಪೊಟ್ಟಣವನ್ನು ಒಡೆಯಲೇ ಇಲ್ಲ. ನಿನ್ನೆ ನಮ್ಮ ಊರಿನ ಆಸ್ಪತ್ರೆಯ ಡಾಕ್ಟರು ಯಾವುದೋ ಕೆಲಸಕ್ಕೆ ಇಲ್ಲಿಗೆ ಬಂದಿದ್ದರು. ಮಾತಿನ ಮಧ್ಯೆ, “ನಿಮ್ಮ ಅಡುಗೆಯಾಕೆ ಮಗಳು ಈಗ ಪರವಾಗಿಲ್ಲ, ಮಗೂಗೂ ಏನೂ ಆಗಿಲ್ಲ” ಎಂದರು. ಏನು ಎಂದು ಕೇಳಿದೆ. ನನಗೆ ಗೊತ್ತಿಲ್ಲವೆಂದು ತಿಳಿದು ಅವರಿಗೇ ಗಾಬರಿಯಾಯಿತು.

ಜುಲೈ ಹದಿಮೂರು. ಗೋಡೆ ಹಾರಿ ಹಳಿ ದಾಟುವಾಗ ಜಲ್ಲಿಯಲ್ಲಿ ಕಾಲು ಸಿಕ್ಕಿ ಬಿದ್ದಳಂತೆ. ರೈಲು ಕೂಗುತ್ತಾ ಬರುತ್ತಿತ್ತಂತೆ. ಇಬ್ಬರು ಹೆಂಗಸರು ತೋಳು ಹಿಡಿದು ಎಳೆದರಂತೆ, ಪಾದದ ಮೂಳೆ ಎರಡು ಕಡೆ ಮುರಿದಿತ್ತಂತೆ. ನಾನು ಉಂಡ ಮನೆ, ಬಗೆದ ಮನೆ ಎಂದು ಬರೆದ ಪತ್ರ ನಿನ್ನ ಕೈ ಸೇರಿದ್ದೂ ಆ ದಿನವೇ ಇರಬೇಕು. ಹದಿನಾರನೇ ತಾರೀಕು ನನಗೆ ಬೇವಿನ ಎಲೆಯ ಬಗ್ಗೆ ಬರೆದೆ. ಇದನ್ನು ಬರೆಯಲಿಲ್ಲ. ಯಾಕೆ? ಇಷ್ಟು ಪರಕೀಯಳಾದೆನೇ ನಾನು?

ಈಗ ಹಟ ಬಿಡು. ನಮ್ಮ ಮನೆಯ ಹಿಂದಿನ ಎರಡು ಕೋಣೆ ಖಾಲಿ ಇವೆ. ಮಗಳು, ಅಳಿಯನನ್ನು ಕರೆದುಕೊಂಡು ಬಂದು ಇರು. ಆಸ್ಪತ್ರೆಗೆ ಹತ್ತು ಹೆಜ್ಜೆ. ಯಾರೂ ಇನ್ನು ಹಳಿ ದಾಟುವುದು ಬೇಡ. ಬೀಗದ ಕೈಗಳನ್ನು ಇದರ ಜೊತೆಗೇ ವಾಪಸು ಕಳಿಸುತ್ತಿದ್ದೇನೆ.

ನಿನ್ನ
ಅಮ್ಮಾವ್ರು


ಆಗಸ್ಟ್ 28

ಅಮ್ಮಾವ್ರಿಗೆ,

ನಿಮ್ಮ ಪತ್ರ ಮಗಳಿಗೆ ಓದಿ ಹೇಳಿದೆ. ಅವಳು ಅತ್ತಳು. ನಿಮ್ಮ ಮೇಲೆ ಅವಳಿಗೆ ಮೊದಲಿಂದಲೂ ಪ್ರೀತಿ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀರಿ. ಹೇಳಿದ್ದರೆ ನೀವು ಇದನ್ನೇ ಮಾಡುತ್ತಿದ್ದಿರಿ. ಎರಡು ಕೋಣೆ ಕೊಡುತ್ತಿದ್ದಿರಿ. ನಿಮ್ಮ ಮನಸ್ಸು ನನಗೆ ಗೊತ್ತಿಲ್ಲವೇ? ಎದುರಿಗೆ ಕಂಡವರ ಕಷ್ಟಕ್ಕೆ ಕರಗಿಬಿಡುತ್ತೀರಿ, ಎದುರಿಗಿಲ್ಲದವರು ನಿಮಗೆ ಕಾಣುವುದೇ ಇಲ್ಲ. ನಾನು ಬಂದು ನಿಮ್ಮ ಹಿತ್ತಿಲಿನಲ್ಲಿ ಸುಖವಾಗಿದ್ದರೆ ಉಳಿದ ಮುನ್ನೂರ ತೊಂಬತ್ತೊಂಬತ್ತು ಮನೆ ಎಲ್ಲಿಗೆ ಹೋಗಬೇಕು? ನನ್ನ ಮಗಳ ಮುರಿದ ಕಾಲು ತೋರಿಸಿ ಮೆಟ್ಟಿಲು ಬೇಡಲು ನನಗೆ ಮನಸ್ಸಿಲ್ಲ. ಕಾಲು ನೆಟ್ಟಗಿರುವವರಿಗೂ ಮೆಟ್ಟಿಲು ಬೇಕು. ಬೀಗದ ಕೈಗಳನ್ನು ಅಂಚೆಯವನಿಗೆ ಮರಳಿಸಿದ್ದೇನೆ. ಅವನಂತೂ, “ಇದೇನಮ್ಮಾ, ಮದ್ವೆ ಹೆಣ್ಣಿನ ಹಾಗೆ ಹೋಗೋದು ಬರೋದು ಮಾಡ್ತಿದೆ ಈ ಪೊಟ್ಟಣ” ಎಂದು ನಗುತ್ತಾನೆ.

ಇನ್ನೊಂದು ವಿಷಯ. ಆಮೇಲೆ, ಬೆನ್ನ ಹಿಂದೆ ಮಾಡಿದೆ ಎನ್ನಬಾರದು ಎಂದು ಈಗಲೇ ತಿಳಿಸುತ್ತಿದ್ದೇನೆ. ಸೆಪ್ಟೆಂಬರ್ ಇಪ್ಪತ್ತೈದಕ್ಕೆ ನೀವು ರಿಬ್ಬನ್ ಕತ್ತರಿಸಿ. ಕತ್ತರಿಸಿದ ಕೂಡಲೇ ನಮ್ಮ ನಾನೂರು ಮನೆಯವರು ಸುತ್ತಿ ಬಂದು, ಕಾರಿನ ದಾರಿಯಲ್ಲೇ ಸೇತುವೆ ಹತ್ತಿ ನಡೆಯುತ್ತೇವೆ. ಘೋಷಣೆ ಕೂಗುವುದಿಲ್ಲ, ಬಾವುಟ ಹಿಡಿಯುವುದಿಲ್ಲ, ಯಾರಿಗೂ ಧಿಕ್ಕಾರ ಹೇಳುವುದಿಲ್ಲ. ಕೆಲಸಕ್ಕೆ ಹೋಗುವವರ ಹಾಗೆ ಚೀಲ, ಬುತ್ತಿ ಹಿಡಿದುಕೊಂಡು ನಡೆಯುತ್ತೇವೆ. ಆ ತುದಿ ಮುಟ್ಟಿ ತಿರುಗಿ ಈ ತುದಿ. ಮೆಟ್ಟಿಲು ಆಗುವವರೆಗೆ ದಿನಾ ಬೆಳಿಗ್ಗೆ, ದಿನಾ ಸಂಜೆ. ಕಾರುಗಳು ನಮ್ಮ ಹಿಂದೆ ಬರಲಿ. ಯಾರೂ ಮುಂದೆ ಓಡಬಾರದು, ಎಲ್ಲರೂ ನನ್ನ ಮಗಳ ಊರುಗೋಲಿನ ಹೆಜ್ಜೆಗೆ ಸರಿಯಾಗಿ ನಡೆಯಬೇಕು ಎಂದು ಮಾತಾಗಿದೆ. ಸಂಜೆ ಬೀದಿಯಲ್ಲಿ ಅಭ್ಯಾಸವೂ ನಡೆದಿದೆ. ನನ್ನ ಓರಗಿತ್ತಿ ಮಾತ್ರ ಎಷ್ಟು ಹೇಳಿದರೂ ಬಿರಬಿರನೆ ಮುಂದೆ ಹೋಗಿಬಿಡುತ್ತಾಳೆ. ಅವಳ ಸೆರಗು ಹಿಡಿದುಕೊಳ್ಳಲು ಇಬ್ಬರನ್ನು ಬಿಟ್ಟಿದ್ದೇವೆ.

ಹನ್ನೆರಡು ವರ್ಷದ ಹಿಂದೆ ಅವಳಿಗೆ ಮಾಡಿದ್ದನ್ನು ಅವಳ ಎದುರು ನಿಂತು ಹೇಳಿದೆ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬಂದು, “ಈಗೇನು ಮಾಡ್ತೀಯ, ಅದು ಹೇಳು” ಎಂದಳು. ಇದನ್ನೇ ಮಾಡುತ್ತಿದ್ದೇನೆ.

ಇಂತಿ,
ಗೇಟಿನ ಬೀದಿಯ ನಿವಾಸಿ


ಸೆಪ್ಟೆಂಬರ್ 12

ಗುಬ್ಬಚ್ಚಿ,

ನೀನು ಬರೆದದ್ದನ್ನು ಇಲ್ಲಿ ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಸೇತುವೆಯ ಎರಡೂ ತುದಿಗೆ ಪೊಲೀಸರನ್ನು ನಿಲ್ಲಿಸುತ್ತಿದ್ದರು.

ಪತ್ರಿಕೆಯವನು ಮೂರು ಸಲ ನಿನ್ನ ಬಾಗಿಲಿಗೆ ಬಂದಿದ್ದನಂತೆ. ನನ್ನ ಮನೆಯ ಒಳಗಿನ ಸುದ್ದಿ ಇನ್ನಷ್ಟು ಹೇಳು ಎಂದನಂತೆ. “ನಂಗೆ ಮೆಟ್ಟಿಲಿನ ವಿಷಯ ಒಂದೇ ಗೊತ್ತಿರೋದು” ಎಂದು ಮೂರು ಸಲವೂ ಅದೊಂದೇ ಮಾತು ಹೇಳಿ ಕಳಿಸಿದೆಯಂತೆ. ಅವನೇ ಬೇಸತ್ತು ನನ್ನ ಕಚೇರಿಯಲ್ಲಿ ಹೇಳಿಕೊಂಡ. ನೀನು ಬಾಯಿ ಬಿಟ್ಟಿದ್ದರೆ ನನ್ನ ಬಗ್ಗೆ ಎಷ್ಟು ಹೇಳಬಹುದಿತ್ತು ಎಂದು ನನಗೆ ಗೊತ್ತು.

ಆದ್ದರಿಂದ ನಾನೂ ಒಂದು ಹೇಳಬೇಕು. ಯಾಕೆ ಆಗುವುದಿಲ್ಲ ಎಂದು ಜೂನ್‌ನಲ್ಲಿ ನೀನು ಕೇಳಿದ್ದೆ. ಉತ್ತರ ಅವತ್ತೇ ನನ್ನ ಹತ್ತಿರ ಇತ್ತು.

ಮೆಟ್ಟಿಲು ನಕ್ಷೆಯಲ್ಲಿತ್ತು. ಎರಡೂ ಕಡೆ ಇತ್ತು. ಎಂಜಿನಿಯರುಗಳು ಮರೆತಿರಲಿಲ್ಲ, ರೈಲ್ವೆಯವರು ಬೇಡ ಎಂದಿರಲಿಲ್ಲ. ಮೆಟ್ಟಿಲು ಸೇರಿಸಿದರೆ ನಾಲ್ಕು ತಿಂಗಳು ತಡ, ಉದ್ಘಾಟನೆ ಚುನಾವಣೆಯ ಹೊಸ್ತಿಲಿಗೆ ಹೋಗುತ್ತದೆ ಎಂದರು. ನಾನೇ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ. ‘ಗೇಟಿನ ಬೀದಿ ಕಡೆ’ ಎಂದು ನಕ್ಷೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದಿದೆ. ಅದು ನಿನ್ನ ಬೀದಿ ಎಂಬುದು ಆ ಕ್ಷಣಕ್ಕೆ ನನ್ನ ತಲೆಗೆ ಬರಲೇ ಇಲ್ಲ. ಬಂದಿದ್ದರೆ ಹೊಡೆಯುತ್ತಿರಲಿಲ್ಲ ಎಂದು ಹೇಳಲು ಹೊರಟಿದ್ದೆ. ಅದೂ ನಿಜವೋ ಇಲ್ಲವೋ ನನಗೇ ಗೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ನನ್ನದು ಆ ಕತ್ತಲೆ. ನಿನ್ನ ಮಗಳು ಬಿದ್ದದ್ದು ನಾನು ಹೊಡೆದ ಆ ಗೆರೆಗೆ ಕಾಲು ಸಿಕ್ಕಿ.

ನಿನ್ನೆ ಸಹಿ ಹಾಕಿದೆ. ಎರಡೂ ಕಡೆ ಮೆಟ್ಟಿಲು. ಅಲ್ಲಿಯವರೆಗೆ ಗೋಡೆಯಲ್ಲಿ ಬಾಗಿಲು ಒಡೆದು, ಕಾವಲಿಗೆ ಜನ ಇಟ್ಟು, ರೈಲು ಇಲ್ಲದ ಹೊತ್ತಿಗೆ ದಾಟಿಸುತ್ತಾರೆ. ಮೆಟ್ಟಿಲು ಮುಗಿಯದೆ ಸೇತುವೆಯ ಉದ್ಘಾಟನೆ ಇಲ್ಲ ಎಂದೂ ಬರೆದಿದ್ದೇನೆ. ಮುಖ್ಯಮಂತ್ರಿಗಳು ನನ್ನನ್ನು ಕರೆಸಿ, “ಒಬ್ಬ ಅಡುಗೆಯವಳಿಗೆ ಹೆದರಿದ್ರಾ?” ಎಂದು ಕೇಳಿದರು. ಹೌದು ಎಂದೆ. ಅವರು ನಗಲಿಲ್ಲ. ಇದರ ಫಲ ನನಗೆ ಏನು ಸಿಗುತ್ತದೆ ಎಂದು ಸುಮಾರಾಗಿ ಗೊತ್ತು.

ಈ ಪತ್ರವನ್ನು ಯಾರಿಗೆ ಬೇಕಾದರೂ ತೋರಿಸು.

ಅಮ್ಮಾವ್ರು


ಅಕ್ಟೋಬರ್ 18

ಅಮ್ಮಾವ್ರಿಗೆ,

ಮೊದಲು ಒಳ್ಳೆಯ ಸುದ್ದಿ. ಹತ್ತನೇ ತಾರೀಕು ಮಗಳಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಅಳುವುದನ್ನು ಕೇಳಿದರೆ ಮುಂದೆ ಸದನದಲ್ಲಿ ಕೂರುವ ಹಾಗೆ ಕಾಣುತ್ತದೆ.

ನಿಮ್ಮ ಪತ್ರ ಯಾರಿಗೂ ತೋರಿಸಿಲ್ಲ. ಓದಿ ಮೂರು ದಿನ ನಿಮ್ಮ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಅಡುಗೆ ಮಾಡುವಾಗ ಪಾತ್ರೆಗಳ ಮೇಲೆ ತೀರಿಸಿಕೊಂಡೆ, ಒಂದರ ಹಿಡಿಯೇ ಕಿತ್ತುಬಂತು. ಪೂರ್ತಿ ಇಳಿದಿಲ್ಲ. ಆದರೆ ನೀವು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದು ಸಿಟ್ಟಿನ ಪಕ್ಕದಲ್ಲೇ ಕೂತಿದೆ.

ಎಂಜಿನಿಯರು ಟೇಪು ಹಿಡಿದು ಬಂದ. ಒಂದೊಂದು ಮೆಟ್ಟಿಲು ಏಳೂವರೆ ಅಂಗುಲ ಎತ್ತರ ಎಂದ. ನಾನು ಆರು ಎಂದೆ. “ನಿಯಮ ಇದೆಯಮ್ಮಾ” ಎಂದ. ದಿನ ತುಂಬಿದ ಹೆಂಗಸನ್ನೂ, ತಲೆಯ ಮೇಲೆ ಮೂಟೆ ಹೊತ್ತ ಮುದುಕನನ್ನೂ ಅವನ ಮುಂದೆ ಕರೆತಂದು ಅದೇ ಎತ್ತರದ ಇಟ್ಟಿಗೆ ಜೋಡಿಸಿ ಹತ್ತಿಸಿದೆ. ಆಮೇಲೆ ಅವನ ತಲೆಯ ಮೇಲೇ ಮೂಟೆ ಇಟ್ಟೆ. ಆರು ಎಂದು ಬರೆದುಕೊಂಡ. ಮೆಟ್ಟಿಲು ಕಸದ ತೊಟ್ಟಿಯ ಪಕ್ಕ ಇಳಿಯಬೇಕಿತ್ತಂತೆ, ಅದನ್ನೂ ನಲ್ಲಿಯ ಪಕ್ಕಕ್ಕೆ ತಿರುಗಿಸಿದೆವು. ದಿನಾ ಬೆಳಿಗ್ಗೆ ಬೀದಿಯ ಇಬ್ಬರು ಹೆಂಗಸರು ಹೋಗಿ ಕಾಂಕ್ರೀಟಿಗೆ ನೀರು ಹಾಕಿದ್ದಾರೋ ಇಲ್ಲವೋ ನೋಡಿ ಬರುತ್ತಾರೆ. ಕೆಲಸಗಾರರಿಗೆ ನಮ್ಮ ಕಾಟ ಸಾಕಾಗಿದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಗುಬ್ಬಚ್ಚಿ


ಫೆಬ್ರವರಿ 2

ಗುಬ್ಬಚ್ಚಿ,

ಪತ್ರಿಕೆಯಲ್ಲಿ ಓದಿರುತ್ತೀಯ. ಸಂಪುಟದಲ್ಲಿ ನನಗೆ ಜಾಗವಿಲ್ಲ. ಸೇತುವೆಯನ್ನು ಹೊಸ ಮಂತ್ರಿಗಳು ಉದ್ಘಾಟಿಸಿದರು, ಕಲ್ಲಿನ ಮೇಲೆ ಅವರ ಹೆಸರು. ನನ್ನನ್ನು ಕರೆಯಲಿಲ್ಲ. ಚುನಾವಣೆಗೆ ನನಗೆ ಟಿಕೆಟ್ಟೂ ಕೊಡುವುದಿಲ್ಲವಂತೆ. ನಿಜ ಹೇಳುತ್ತೇನೆ, ಮೊದಲ ಎರಡು ವಾರ ಎದೆ ಉರಿಯಿತು. ಈಗ ಸ್ವಲ್ಪ ನಿದ್ದೆ ಬರುತ್ತಿದೆ.

ಇಪ್ಪತ್ತನೇ ತಾರೀಕು ಊರಿಗೆ ಬರುತ್ತೇನೆ. ಬೀಗದ ಕೈಗಳು ನನ್ನ ಹತ್ತಿರವೇ ಇವೆ. ಓದುವ ಕೋಣೆಯಲ್ಲಿ ಮತ್ತೆ ವಕೀಲಿಕೆ ಶುರುಮಾಡೋಣ ಎಂದಿದ್ದೇನೆ, ಗೆದ್ದಲು ಬಿಟ್ಟ ಪುಸ್ತಕಗಳಲ್ಲೇ. ಎಲ್ಲಿಂದ ಶುರುಮಾಡಬೇಕೋ ಗೊತ್ತಿಲ್ಲ. ಆ ಮನೆಗೆ ನಾನು ಒಬ್ಬಳೇ ಹೊಕ್ಕದ್ದೇ ಇಲ್ಲ. ಯಾವಾಗ ಬಂದರೂ ಬಾಗಿಲು ತೆಗೆಯುವವಳು ನೀನಿರುತ್ತಿದ್ದೆ.

ಬಾ ಎಂದು ಹೇಳುವ ಬಾಯಿ ನನಗಿಲ್ಲ. ಕೇಳುತ್ತಿದ್ದೇನೆ ಅಷ್ಟೇ. ಬರುತ್ತೀಯಾ?

ನಿನ್ನ
ಅಮ್ಮಾವ್ರು


ಫೆಬ್ರವರಿ 8

ಅಮ್ಮಾವ್ರೆ,

ಖಾತೆ ಹೋದದ್ದು ಓದಿದೆ. ಬೀದಿಯಲ್ಲಿ ಎಲ್ಲರಿಗೂ ಬೇಜಾರಾಯಿತು. ಕಲ್ಲಿನ ಮೇಲೆ ಯಾರ ಹೆಸರಿದ್ದರೆ ಏನು, ಮೆಟ್ಟಿಲು ಹತ್ತುವಾಗ ಯಾರೂ ಕಲ್ಲು ಓದುವುದಿಲ್ಲ.

ನನಗೀಗ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ನೂರಿಪ್ಪತ್ತು ರೋಗಿಗಳಿಗೆ ಅಡುಗೆ, ಕೈಕೆಳಗೆ ನಾಲ್ಕು ಜನ. ಅದನ್ನು ಬಿಡುವುದಿಲ್ಲ. ಬೆಳಿಗ್ಗೆ ಮಗಳು, ನಾನು ಒಟ್ಟಿಗೇ ಮೆಟ್ಟಿಲು ಹತ್ತಿ ಹೋಗುತ್ತೇವೆ. ಅವಳ ಕಾಲು ಚಳಿಗೆ ಇನ್ನೂ ನೋಯುತ್ತದೆ, ಕಂಬಿ ಹಿಡಿದುಕೊಂಡು ನಿಧಾನ ಹತ್ತುತ್ತಾಳೆ. ಹಿಂದೆ ಬರುವವರು ಯಾರೂ ಅವಸರ ಮಾಡುವುದಿಲ್ಲ.

ನಿಮ್ಮ ಮನೆಗೆ ಒಬ್ಬ ಒಳ್ಳೆಯ ಹೆಂಗಸನ್ನು ನೋಡಿದ್ದೇನೆ. ಕೈ ರುಚಿ ಇದೆ, ಬಾಯಿ ಸ್ವಲ್ಪ ಜೋರು. ನಿಮಗೆ ಅಂಥವರೇ ಬೇಕು. ಸಂಬಳ, ರಜೆ ಎಲ್ಲ ಮೊದಲೇ ಮಾತಾಡಿಕೊಳ್ಳಿ. ಇಪ್ಪತ್ತನೇ ತಾರೀಕು ಅವಳ ಜೊತೆ ಬಂದು ಮನೆ ಗುಡಿಸಿ, ಯಾವುದು ಎಲ್ಲಿದೆ ಎಂದು ತೋರಿಸಿಕೊಡುತ್ತೇನೆ.

ಇಪ್ಪತ್ತೆರಡು ಭಾನುವಾರ, ನನಗೆ ರಜೆ. ಅವತ್ತು ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬನ್ನಿ. ಮೂವತ್ತೊಂದು ವರ್ಷದಲ್ಲಿ ನೀವು ಒಂದು ಸಲವೂ ನಮ್ಮ ಮನೆಗೆ ಬಂದಿಲ್ಲ. ನಾನೂ ಕರೆದಿಲ್ಲ, ತಪ್ಪು ನಿಮ್ಮೊಬ್ಬರದೇ ಅಲ್ಲ. ಕರೆಯಲು ಸಂಕೋಚವಾಗುತ್ತಿತ್ತು. ಈಗ ಆಗುವುದಿಲ್ಲ.

ಕಾರು ಬೇಡ, ಆಸ್ಪತ್ರೆಯವರೆಗೆ ನಡೆದು ಬಂದು, ಆ ಕಡೆಯ ಮೆಟ್ಟಿಲು ಹತ್ತಿ, ಸೇತುವೆ ದಾಟಿ ನಮ್ಮ ಕಡೆ ಇಳಿಯಿರಿ. ಇಳಿದ ಕೂಡಲೇ ಎಡಕ್ಕೆ ಏಳನೇ ಬಾಗಿಲು. ಗೊತ್ತಾಗದಿದ್ದರೆ ಯಾರನ್ನಾದರೂ ಕೇಳಿ, ಕರೆದುಕೊಂಡು ಬಂದು ಬಿಡುತ್ತಾರೆ. ಜೊತೆಗೆ ಯಾರನ್ನೂ ಕರೆತರಬೇಡಿ, ನೀವೊಬ್ಬರೇ ಬನ್ನಿ.

ಬಡಿಸುವವಳು ಮಗಳು. ನಾನು ಅವತ್ತು ನಿಮ್ಮ ಪಕ್ಕದಲ್ಲಿ ಕೂತು ಊಟ ಮಾಡುತ್ತೇನೆ.

ಗುಬ್ಬಚ್ಚಿ